ಸ್ವಭಾವ ಸಂರಕ್ಷಣಾ ಸೆಸ್ಸು

ಬಹಳ ಹಿಂದೆ, ರಾಜಾಜ್ಞೆಗಳೂ ವಾಟ್ಸಾಪಿನಲ್ಲೇ ಫಾರ್ವರ್ಡ್ ಆಗುತ್ತಿದ್ದ ಪುರಾತನ ಕಾಲದಲ್ಲಿ, ಗಣಕಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಯಂತ್ರಮಲ್ಲ ಮಹಾರಾಜ ಪರಮ ತಂತ್ರಜ್ಞಾನಪ್ರಿಯ. ಪಾಸ್‌ವರ್ಡ್ ಮರೆತಾಗಲೆಲ್ಲ ಹೊಸ ಕಂಪ್ಯೂಟರನ್ನೇ ತರಿಸುತ್ತಿದ್ದ.

ರಾಜಧಾನಿಯ ಗಣಕ ವೃತ್ತಿಶಾಲೆಯಲ್ಲಿ ನೀಲವ್ವ ಓದುತ್ತಿದ್ದಳು. ರೊಟ್ಟಿ ಮಾರುವವಳ ಮಗಳು. ರಿಪೇರಿ ತರಗತಿಗೆ ಸೀಟು ಸಿಕ್ಕರೆ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಡಬೇಕು, ಬೋರ್ಡಿನ ಮೇಲೆ ತನ್ನದೇ ಹೆಸರಿರಬೇಕು ಎಂಬುದು ಅವಳ ಆಸೆ. ಆದರೆ ಆ ಶಾಲೆಗೊಂದು ಸಂಪ್ರದಾಯವಿತ್ತು. ಇಬ್ಬರಿಗೊಂದು ಕಂಪ್ಯೂಟರ್, ಕೀಬೋರ್ಡಿನ ಮುಂದೆ ಹುಡುಗ, ಪಕ್ಕದಲ್ಲಿ ರೆಕಾರ್ಡ್ ಬರೆಯಲು ಹುಡುಗಿ.

"ನಿನ್ನ ಅಕ್ಷರ ದುಂಡಗ ಅದಾವು, ನೀ ಬರಿ. ಅವ ಸುಮ್ಮ ಕುಂದ್ರಂಗಿಲ್ಲ, ಅವ ಒತ್ತಲಿ," ಎನ್ನುತ್ತಿದ್ದರು ಮಾಸ್ತರರು.

ನೀಲವ್ವ ಬರೆದಳು. ತನ್ನದನ್ನೂ ಬರೆದಳು, ಪಕ್ಕದಲ್ಲಿ ಕೂರುವ ಶಂಭುಲಿಂಗನದನ್ನೂ ಬರೆದಳು.

ಹೀಗಿರಲು, ಹುಡುಗಿಯರು ರಿಪೇರಿ ತರಗತಿಗೆ ಏಕೆ ಬರುತ್ತಿಲ್ಲವೆಂದು ರಾಜನಿಗೆ ಇದ್ದಕ್ಕಿದ್ದಂತೆ ಚಿಂತೆ ಹತ್ತಿತು. ಮಹಾಮಂತ್ರಿ ಮೇಧಾನಿಧಿಯ ಏಕಸದಸ್ಯ ಉನ್ನತ ಮಟ್ಟದ ಸಮಿತಿ ರಚನೆಯಾಯಿತು. ಸಮಿತಿಯು ಶಾಲೆಯ ಕಿಟಕಿಯಲ್ಲಿ ಇಣುಕಿ, ಚಹಾ ಕುಡಿದು, ಪಿಪಿಟಿ ಸಮೇತ ಹಿಂತಿರುಗಿತು.

"ಪ್ರಭು, ಹುಡುಗರ ಕೈ ತಾನಾಗಿಯೇ ಕೀಬೋರ್ಡಿಗೆ ಹೋಗುತ್ತದೆ, ಹುಡುಗಿಯರ ಕೈ ಪೆನ್ನಿಗೆ. ಇದು ಸೃಷ್ಟಿನಿಯಮ!"

"ಆಹಾ! ಕಿಟಕಿಯಿಂದಲೇ ಸೃಷ್ಟಿಯ ಗುಟ್ಟು ಹಿಡಿದಿರಲ್ಲ!" ಎಂದು ರಾಜ ಚಪ್ಪಾಳೆ ತಟ್ಟಿದ.

ಸುದ್ದಿ ಕೇಳಿ ನೀಲವ್ವನಿಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಆಸ್ಥಾನಕ್ಕೇ ನಡೆದಳು.

"ಮಹಾರಾಜರ, ನಮ್ಮ ಕೈಗೆ ಕೀಬೋರ್ಡ್ ಕೊಟ್ಟರಲ್ರೀ ಹೋಗೂದು?"

"ನ್ಯಾಯವಾದ ಮಾತು. ಕೊಡಿ! ಈಗಲೇ ಪರೀಕ್ಷೆಯಾಗಲಿ," ಎಂದ ರಾಜ. ಕೆಟ್ಟವನೇನಲ್ಲ ಅವನು, ಆತುರಗಾರ, ಅಷ್ಟೆ.

ಶಂಭುಲಿಂಗನನ್ನೂ ಆಸ್ಥಾನಕ್ಕೆ ಕರೆಸಿದರು. ಶಂಖ ಮೊಳಗಿತು. ಶಂಭುಲಿಂಗ ಪಟಪಟನೆ 'ಪ್ರಭುಗಳು ಚಿರಾಯುಗಳಾಗಲಿ' ಎಂದು ಒತ್ತಿ, ಮೀಸೆಯಿಲ್ಲದ ಜಾಗದಲ್ಲಿ ಮೀಸೆ ತಿರುವಿದ. ನೀಲವ್ವನಿಗೆ ಪಾಠವೆಲ್ಲ ಬಾಯಿಪಾಠ. ಆದರೆ ಬೆರಳಿಗೆ ದಾರಿ ಗೊತ್ತಿರಬೇಕಲ್ಲ! ಒಂದೊಂದು ಅಕ್ಷರಕ್ಕೂ ತಡಕಾಡಿದಳು. 'ಪ್ರಭು' ಮುಗಿಯುವಷ್ಟರಲ್ಲಿ ಪ್ರಭು ಆಕಳಿಸಿದ.

"ನೋಡಿದಿರಾ ಪ್ರಭು, ಸ್ವಭಾವ!" ಎಂದ ಮಂತ್ರಿ.

"ಒಂದು ತಿಂಗಳು ಕಲಿಯಾಕ ಬಿಡ್ರಿ, ಆಮ್ಯಾಲ ನೋಡ್ರಿ," ಎಂದು ನೀಲವ್ವ ಅಂಗಲಾಚಿದಳು.

"ಕಲಿತರೆ ಸ್ವಭಾವ ಕೆಡುವುದಿಲ್ಲವೇ ಮಗಳೇ? ನಮ್ಮ ಸ್ಯಾಂಪಲ್ಲೇ ಹಾಳಾಗಿಬಿಡುತ್ತದೆ!" ಎಂದ ಮಂತ್ರಿ.

ರಾಜ ಬೆಚ್ಚಿಬಿದ್ದ. ಅಂದೇ ಆಜ್ಞೆ ಹೊರಟಿತು: ಹುಡುಗಿಯರ ಸ್ವಭಾವವು ರಾಷ್ಟ್ರೀಯ ಸಂಪತ್ತಾಗಿರುವುದರಿಂದ ಅವರು ಕೀಬೋರ್ಡ್ ಮುಟ್ಟತಕ್ಕದ್ದಲ್ಲ, ಪ್ರತಿಯೊಬ್ಬಳಿಗೂ ಬೆಳ್ಳಿಯ ಪೆನ್ನು ಉಚಿತ. ರಿಪೇರಿ ಸೀಟು ಶಂಭುಲಿಂಗನಿಗೆ ಹೋಯಿತು. ಮಂತ್ರಿಗೆ 'ಸ್ವಭಾವ ಶಿರೋಮಣಿ' ಬಿರುದು, ಆನೆಯ ಮೇಲೆ ಮೆರವಣಿಗೆ. ಇದೆಲ್ಲದರ ಖರ್ಚಿಗೆಂದು, ಬೇಯಿಸಿದ ಪದಾರ್ಥಗಳ ಮೇಲೆಲ್ಲ 'ಸ್ವಭಾವ ಸಂರಕ್ಷಣಾ ಸೆಸ್ಸು' ಬಿತ್ತು. ಆ ಆಜ್ಞೆಯನ್ನು ನೀಲವ್ವನಿಂದಲೇ ಬರೆಸಿದರು. ಅಕ್ಷರ ದುಂಡಗಿತ್ತಲ್ಲ!

ಮರುದಿನ ಸಂತೆಯಲ್ಲಿ ಸುಂಕದವನು ರೊಟ್ಟಿ ಬುಟ್ಟಿಯ ಮುಂದೆ ಕೈಚಾಚಿ ನಿಂತ.

"ಇದ್ಯಾತರ ಸೆಸ್ಸು, ನೀಲವ್ವಾ?" ಎಂದು ತಾಯಿ ಮಗಳನ್ನು ಕೇಳಿದಳು.

"ನನಗ ಬರಂಗಿಲ್ಲಂತ ಕಂಡುಹಿಡಿದ್ರಲ್ಲ ಯವ್ವಾ, ಅದರ ಖರ್ಚು."

ತಾಯಿ ಸೆರಗಿನ ಗಂಟು ಬಿಚ್ಚಿದಳು.