ರೇಷ್ಮೆ ಹುಳದ ರೂಮಲ್ಲಿ ಹುಟ್ಟಿದ ಸ್ಪೀಕರ್ರು

ಸ್ಪೀಕರ್ ಮಾಡೋರ ಮನೇಲಿ ಇಂಥವೆಲ್ಲ ಆಗ್ತಾನೇ ಇರ್ತವೆ, ಬೇಡ ಅಂದ್ರೂ ನಿಲ್ಲಲ್ಲ. ನಾನು ಜನರ ಮುಂದೆ ಮಾತಾಡೋಳಲ್ಲ. ಯಾರಾದ್ರೂ ಬಂದ್ರೆ ಪುಸ್ತಕ ತಕಂಡು ಬಾಗಿಲ ಹಿಂದೆ ಹೋಗಿ ಕೂತ್ಕತೀನಿ. ಬಾಗಿಲ ಹಿಂದೆ ಕೂತೋರಿಗೆ ಎಲ್ಲಾ ಚೆನ್ನಾಗಿ ಕೇಳ್ಸುತ್ತೆ, ಅದೊಂದು ಅನುಕೂಲ. ಹಂಗೆ ಕೇಳಿದ್ದನ್ನ ಇವತ್ತಿನವರೆಗೂ ಯಾರಿಗೂ ಹೇಳಿರ್ಲಿಲ್ಲ.

ಅಪ್ಪಂಗೆ ಕೊಳ್ಳೇಗಾಲದಲ್ಲಿ ಟಿವಿ ರಿಪೇರಿ ಅಂಗಡಿ. ಈಗ ಟಿವಿ ಕೆಟ್ರೆ ಯಾರೂ ರಿಪೇರಿ ಮಾಡ್ಸಲ್ಲ, ಹೊಸದೇ ತರ್ತಾರೆ. ಅದಕ್ಕೆ ಅಪ್ಪ ಬೇಗ ಅಂಗಡಿ ಬಾಗಿಲು ಹಾಕ್ಕಂಡು ಸತ್ತೇಗಾಲದ ಹತ್ರ ಇರೋ ನಮ್ಮ ಮನೆಗೆ ಬಂದು, ರೇಷ್ಮೆ ಹುಳ ಸಾಕ್ತಿದ್ದ ರೂಮಲ್ಲಿ ಸ್ಪೀಕರ್ ಮಾಡಕ್ಕೆ ಶುರು ಮಾಡಿದ್ರು. ಪುಸ್ತಕದ ಬೀರು ಮೇಲೆ ಕೂರೋವಷ್ಟು ಪುಟ್ಟ ಡಬ್ಬ. ಒಳಗೆ ತಗ್ಗಿನ ದನಿಗೊಂದು ವೂಫರ್ರು, ಮೇಲಿನ ದನಿಗೊಂದು ಟ್ವೀಟರ್ರು. ಪರದೇಶದ ದುಬಾರಿ ಸ್ಪೀಕರ್ ಪಕ್ಕದಲ್ಲಿಟ್ರೂ ತಲೆ ತಗ್ಗಿಸ್ಬಾರ್ದು ಅನ್ನೋದು ಅಪ್ಪನ ಹಟ. ಡಿಸೈನ್ ಪುಸ್ತಕ ದಪ್ಪದ್ದು, ಇಂಗ್ಲಿಷಲ್ಲಿತ್ತು. ಅದನ್ನ ಓದಿ ಡಬ್ಬದ ಅಳತೆ ಲೆಕ್ಕ ಹಾಕೋದು ನನ್ನ ಪಾಲಿಗೆ ಬಂತು. ಲೆಕ್ಕ ಮಾಡೋದು ಅಲ್ಲೇ, ಕಾಲೇಜಿನ ಪಾಠ ಓದೋದೂ ಅಲ್ಲೇ. ಆ ರೂಮು ಅಂದ್ರೆ ನನಗೆ ಜೀವ.

ಅವ್ವ ಮಾತ್ರ ಒಂದು ಷರತ್ತು ಹಾಕಿದ್ಲು. ಗೌರಿ ಹಬ್ಬದೊಳಗೆ ಒಂದು ಜೊತೆ ಮಾರಿದ್ರೆ ರೂಮು ಸ್ಪೀಕರಿಗೆ, ಇಲ್ದಿದ್ರೆ ಮತ್ತೆ ಹುಳಕ್ಕೆ.

"ಹುಳ ತಿಂದಿದ್ದಕ್ಕೆ ಗೂಡಾದ್ರೂ ಕೊಡ್ತವೆ," ಅಂದ್ಲು ಅಪ್ಪನ್ನ ನೋಡ್ಕಂಡು. "ನೀವು?"

ಮರಿ

ಮೊದಲನೇ ಗಿರಾಕಿ ಶಾಗ್ಯದಿಂದ ಬಂದ್ರು. ಇಲ್ಲಿ ಸ್ಪೀಕರ್ ಮಾಡ್ತಾರೆ ಅಂತ ಯಾರೋ ಹೇಳಿದ್ರಂತೆ, ಮಗನ ಮದುವೆ ಗೊತ್ತಾಗಿತ್ತಂತೆ, ಸಾಮಾನು ಹಾಕ್ಕಂಡು ಹೋಗಕ್ಕೆ ಲಗೇಜ್ ಆಟೋನೇ ಮಾಡ್ಕಂಡು ಬಂದಿದ್ರು. ಅಪ್ಪ ಖುಷಿಯಿಂದ ರೂಮಿಗೆ ಕರ್ಕಂಡು ಹೋದ್ರು. ಅವರು ಆ ಪುಟ್ಟ ಡಬ್ಬಗಳನ್ನ ಮುಂದಿಂದ ನೋಡಿದ್ರು, ಬಗ್ಗಿ ಹಿಂದಿಂದ ನೋಡಿದ್ರು, ಆಮೇಲೆ ರೂಮಿನ ಮೂಲೆ ಮೂಲೆಗೂ ಕಣ್ಣಾಡಿಸಿದ್ರು.

"ಇವು ಮರಿ. ತಾಯಿ ಎಲ್ಲೈತೆ ಸಾ?"

ಅಪ್ಪ ಕೂರಿಸಿ ಸಮಾಧಾನವಾಗಿ ವಿವರಿಸಿದ್ರು. ಇದು ಕಿವಿ ತೂತಾಗೋ ಹಂಗೆ ಕಿರುಚೋದಲ್ಲ, ಹಾಡೋರು ನಡುವೆ ಉಸಿರು ತಕೊಳ್ಳೋದೂ ಕೇಳ್ಸುತ್ತೆ, ಅಷ್ಟು ನಯ ಅಂತ. ಹೇಳಿ ಒಂದು ಹೆಣ್ಣು ದನಿಯ ಹಾಡು ಹಾಕಿದ್ರು. ಆ ಯಜಮಾನ್ರು ಪೂರ್ತಿ ಕೇಳಿದ್ರು, ನಡುವೆ ಕೆಮ್ಮಲೂ ಇಲ್ಲ. ಇನ್ನೇನು ಮಾರಾಟ ಆಗೇಬಿಡ್ತು ಅಂತ ನಾನು ಬಾಗಿಲ ಹಿಂದೆ ಪುಸ್ತಕ ಮುಚ್ಚಿದೆ.

"ನಿಜ ಸಾ, ಆಯಮ್ಮನ ಉಸ್ರು ಕೇಳ್ತು," ಅಂತ ಎದ್ದು ಪಂಚೆ ಕೊಡವಿದ್ರು. "ಆದ್ರೆ ಮದ್ವೇಲಿ ನಮ್ಗೆ ಉಸ್ರು ಕೇಳೋದು ಬ್ಯಾಡ. ಎಣ್ಣಿನ ಕಡೆಯೋರು ಏನಂತಾವ್ರೆ ಅಂತ ಕಿವೀಗೆ ಬೀಳ್ದಂಗಿದ್ರೆ ಸಾಕು."

ಎಳಸು

ಸ್ಪೀಕರಿನ ಡಬ್ಬ ಸುಮ್ನಿರ್ಬೇಕು. ಒಳಗಿರೋ ವೂಫರ್ ಹಾಡ್ಬೇಕೇ ಹೊರತು ಹೊರಗಿನ ಹಲಗೆ ಅದರ ಜೊತೆ ತಾನೂ ಹಾಡ್ಬಾರ್ದು. ಅದಕ್ಕೆ ಒಳಗೆ ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡ್ತೀವಿ. ಸರಿಯಾಗೈತಾ ಇಲ್ವಾ ಅಂತ ನೋಡಕ್ಕೆ ಬೆರಳ ಗೆಣ್ಣಲ್ಲಿ ತಟ್ಟಿ ಕಿವಿ ಕೊಡ್ಬೇಕು.

ನಮ್ಮಜ್ಜಿ ಎಷ್ಟೋ ವರ್ಷ ಸಂತೇಲಿ ತೆಂಗಿನಕಾಯಿ ಮಾರಿದೋಳು. ಅಪ್ಪ ಡಬ್ಬ ತಟ್ಟೋದನ್ನ ನೋಡಿ ಅವಳ ಕೈ ಸುಮ್ನಿರ್ಲಿಲ್ಲ. ತಾನೂ ಬಂದು ಕೂತು ತಟ್ಟಿದ್ಲು. ಮೊದಲನೇ ಡಬ್ಬ ಟಣ್ ಅಂತು. ಅಜ್ಜಿ ಮುಖ ಅರಳ್ತು.

"ಬಲಿತೈತೆ ಕಣ್ಲಾ. ಒಳ್ಳೇ ಕಾಯಿ."

ಅಪ್ಪ ಮುಖ ಸಣ್ಣ ಮಾಡ್ಕಂಡು ಆ ಡಬ್ಬ ಬಿಚ್ಚಿ ಇನ್ನೊಂದು ಅಡ್ಡಪಟ್ಟಿ ಕೊಟ್ರು. ಎರಡನೇ ಸಲ ತಟ್ಟಿದ್ರೆ ದಬ್ ಅಂತು, ಒದ್ದೆ ಗೋಡೆ ತಟ್ಟಿದಂಗೆ. ಅಜ್ಜಿ ಡಬ್ಬಾನ ಆ ಕಡೆ ತಳ್ಳಿಬಿಟ್ಳು. ಬರೀ ಎಳಸು, ಇಂಥ ಕಾಯಿ ಕೊಟ್ರೆ ಗಿರಾಕಿ ನನ್ನ ಮುಖಕ್ಕೇ ಎಸೀತಾನೆ ಅಂದ್ಲು. ಅಪ್ಪ ಕುಣಿಯೋದೊಂದು ಬಾಕಿ.

ಅವತ್ತಿಂದ ಯಾವ ಡಬ್ಬ ಮುಗಿದ್ರೂ ಮೊದಲು ಅಜ್ಜಿ ಮುಂದಕ್ಕೆ. ಅವಳು ಚೆನ್ನಾಗೈತೆ ಅಂದ್ರೆ ಬಿಚ್ಚೋದು, ಥೂ ಅಂದ್ರೆ ಪಾಲಿಶ್ ಹಾಕೋದು. ಒಂದಿನ ಅಜ್ಜಿ ಬೇಜಾರಾಗಿ ಅವ್ವನ ಹತ್ರ ಅಂದ್ಲು: "ನನ್ ಮಗ ಎಳಸೆಲ್ಲಾ ಆರಿಸಿ ಮಡಿಕ್ಕೊಂಡು ಒಳ್ಳೇವ್ನೆಲ್ಲಾ ಒಡೀತಾವ್ನೆ. ಇವ್ನ ಸಂತೆಗೆ ಕಳಿಸ್ದೆ ಇದ್ದಿದ್ದೇ ಒಳ್ಳೇದಾಯ್ತು ಕಣವ್ವ."

ಮೋಟ್ರು

ಡಬ್ಬ ಆದ ಮೇಲೆ ಅಳತೆ. ರೂಮಿನ ನಡುವೆ ಒಂದು ಮೈಕ್ ನಿಲ್ಲಿಸಿ ಸ್ಪೀಕರಲ್ಲಿ ಒಂದು ಶಬ್ದ ಬಿಡ್ತೀವಿ. ಊ ಅಂತ ತಗ್ಗಲ್ಲಿ ಶುರುವಾಗಿ, ಏರ್ತಾ ಏರ್ತಾ ಕೊನೇಲಿ ಕೀ ಅಂತ ಹೋಗುತ್ತೆ. ಯಾವ ದನಿ ಹೆಚ್ಚು, ಯಾವುದು ಕಮ್ಮಿ ಅನ್ನೋದು ಲ್ಯಾಪ್‌ಟಾಪಲ್ಲಿ ಗೆರೆಯಾಗಿ ಬೀಳುತ್ತೆ. ಅದನ್ನ ನೋಡ್ಕಂಡು ನಾನೂ ಅಪ್ಪನೂ ಒಳಗೆ ದನಿ ಹಂಚೋ ಕಾಯಿಲು, ಕೆಪಾಸಿಟರು ಬದಲಾಯಿಸ್ತಿದ್ವಿ.

ಅದೇ ಸಮಯಕ್ಕೆ ಅವ್ವಂಗೆ ಬೇರೆ ತಲೆನೋವು ಶುರುವಾಯ್ತು. ಕರೆಂಟ್ ಇದ್ರೂ ಹಿಪ್ಪುನೇರಳೆ ತೋಟಕ್ಕೆ ನೀರು ಹೋಗ್ತಿಲ್ಲ. ಹೋಗಿ ನೋಡಿದ್ರೆ ಮೋಟ್ರು ಆಫ್ ಆಗಿರುತ್ತೆ. ಲೈನ್‌ಮ್ಯಾನನ್ನ ಬೈದ್ಲು. ಸ್ಟಾರ್ಟರ್ ಬದಲಾಯಿಸಿದ್ಲು. ಕೊನೆಗೆ ಕೋತಿ ಬಂದು ಆರಿಸ್ತಾವೆ ಅಂತ ಮೋಟ್ರು ಮನೆ ಬಾಗಿಲಿಗೆ ಮುಳ್ಳೂ ಕಟ್ಟಿಸಿದ್ಲು. ತೋಟ ಬಾಡ್ತಾನೇ ಹೋಯ್ತು.

ಒಂದು ಸಾಯಂಕಾಲ ನಾವು ಅಳತೆ ಮುಗಿಸಿ ಕೂತಿದ್ವಿ. ಪಕ್ಕದ ಹೊಲದ ದೊಡ್ಡಪ್ಪ ಕೈ ತುಂಬಾ ಮುಳ್ಳು ಗೀರಿಸ್ಕಂಡು, ಬೆವರು ಸುರಿಸ್ಕಂಡು ಒಳಗೆ ಬಂದ್ರು. ನಿಮ್ಮ ಮೋಟ್ರು ಬೇರಿಂಗ್ ಹೋಗೈತೆ, ಊಳಿಡ್ತದೆ, ಸುಟ್ಟೋಗ್ತದೆ ಅಂತ ದಿನಾ ನಾನೇ ಓಡ್ಬಂದು ಆರಿಸ್ತಾ ಇವ್ನಿ, ಇವತ್ತು ಬೇರೆ ಯಾವನೋ ಮುಳ್ಳು ಕಟ್ಟವ್ನೆ ಅಂದ್ರು.

ಅಪ್ಪ ನಕ್ಕು, ಅದು ಮೋಟ್ರಲ್ಲ ದೊಡ್ಡಪ್ಪ, ಇಲ್ನೋಡಿ ಅಂತ ಆ ಶಬ್ದ ಇನ್ನೊಂದ್ಸಲ ಬಿಟ್ರು. ಊ ಅಂತ ಏರಿತು, ಕೀ ಅಂತ ಮುಗೀತು. ತಿರುಗಿ ನೋಡಿದ್ರೆ ದೊಡ್ಡಪ್ಪ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಏದುಸಿರು ಬಿಟ್ಕಂಡು ಬಂದ್ರು.

"ಈ ಸಲ ಫ್ಯೂಸೇ ಕಿತ್ಬುಟ್ಟು ಬಂದೆ. ಈಗೇಳು, ಏನೋ ತೋರಿಸ್ತೀನಿ ಅಂದ್ಯಲ್ಲ."

ಅವತ್ತು ಅವ್ವ ದೊಡ್ಡಪ್ಪಂಗೆ ಕಾಫಿ ಕೊಟ್ಳು. ಅಪ್ಪಂಗೆ ಕೊಡ್ಲಿಲ್ಲ.

ನಡೆದಾಡೋ ತಟ್ಟಿ

ಹಬ್ಬ ಹತ್ರ ಬಂತು. ಒಂದು ಜೊತೆನೂ ಹೋಗಿರ್ಲಿಲ್ಲ. ಅವ್ವ ಹುಳದ ಮೊಟ್ಟೆಗೆ ಹೇಳಿಡ್ಲಾ ಅಂತ ಎರಡು ಸಲ ಕೇಳಿಯಾಗಿತ್ತು. ಆಗ ಅಪ್ಪನ ಅಂಗಡಿಗೆ ಹಳೇ ಆಂಪ್ಲಿಫೈಯರ್ ರಿಪೇರಿಗೆ ತಂದವರು ಯಳಂದೂರಿನ ಹಲ್ಲಿನ ಡಾಕ್ಟ್ರು. ಸಂಗೀತದ ಹುಚ್ಚು. ಸ್ಪೀಕರ್ ವಿಷಯ ಕೇಳಿದ್ದೇ ಅಪ್ಪನ ಜೊತೆ ಮನೆಗೇ ಬಂದುಬಿಟ್ರು.

ಕಣ್ಣು ಮುಚ್ಕಂಡು ಕೂತು ಕೇಳಿದ್ರು. ಹಾಡೋರು ಇಲ್ಲಿ ನಡುವೆ ಕೂತವ್ರೆ, ಮೃದಂಗ ಅಗೋ ಆ ಮೂಲೇಲಿ ಅಂತ ಖಾಲಿ ಜಾಗಕ್ಕೆ ಬೆರಳು ತೋರಿಸಿದ್ರು. ಅಜ್ಜಿ ಆ ಮೂಲೆ ಕಡೆ ನೋಡಿ ಸೆರಗು ಸರಿ ಮಾಡ್ಕಂಡ್ಳು. ಭಾನುವಾರ ಹೆಂಡತೀನ ಕರ್ಕಂಡು ಬರ್ತೀನಿ, ಅವಳೂ ಹೂಂ ಅಂದ್ರೆ ತಕಂಡೋಗ್ತೀನಿ ಅಂತ ಹೇಳಿ ಹೋದ್ರು.

ಡಾಕ್ಟ್ರ ಹೆಂಡತಿ ಬರ್ತಾರೆ ಅಂದ ಮೇಲೆ ಅವ್ವ ಸುಮ್ನಿರ್ತಾಳಾ. ಸ್ಪೀಕರ್ ಮಾರಾಟ ಆಗ್ಲಿ ಬಿಡ್ಲಿ, ಮನೆ ಗಲೀಜು ಅನ್ನಿಸ್ಕಬಾರ್ದು ಅಂತ ಶನಿವಾರ ನಾನು ಕಾಲೇಜಲ್ಲಿ, ಅಪ್ಪ ಅಂಗಡೀಲಿ ಇದ್ದಾಗ ಇಡೀ ರೂಮು ಖಾಲಿ ಮಾಡಿದ್ಲು. ಗೋಡೆಗೆ ಒರಗಿಸಿದ್ದ ಹಳೇ ಚಂದ್ರಿಕೆಗಳನ್ನೆಲ್ಲಾ ಅಂಗಳಕ್ಕೆ ಸಾಗಿಸಿದ್ಲು. ಚಂದ್ರಿಕೆ ಅಂದ್ರೆ ಬಿದಿರಿನ ದೊಡ್ಡ ತಟ್ಟಿ. ಅದರ ಮೇಲೆ ಬಿದಿರ ಪಟ್ಟಿ ಸುತ್ತು ಸುತ್ತಾಗಿ ನಿಂತಿರುತ್ತೆ, ತಿಂದು ಬಲಿತು ಹಣ್ಣಾದ ಹುಳ ಅದರ ಸಂದೀಲಿ ಗೂಡು ಕಟ್ತವೆ. ಆಮೇಲೆ ಗೋಡೆಗೆ ಸುಣ್ಣ. ಭಾನುವಾರ ಬೆಳಗ್ಗೆ ಅಪ್ಪ ನೋಡಿ, ಈಗ ಶೋರೂಮ್ ಥರ ಆಯ್ತು ಅಂತ ಅವ್ವನ್ನ ಹೊಗಳಿದ್ರು.

ಡಾಕ್ಟ್ರು ಬಂದ್ರು. ಅಪ್ಪ ಅದೇ ಹಾಡು ಹಾಕಿದ್ರು. ಡಾಕ್ಟ್ರ ಹುಬ್ಬು ಗಂಟಾಯ್ತು.

"ಅವತ್ತಿನ ಸ್ಪೀಕರೇ ತಾನೇ ಇದು?"

ಅವರ ಹೆಂಡತಿ, ನನಗೇನೋ ಬಾವಿಯೊಳಗಿಂದ ಹಾಡ್ದಂಗೆ ಕೇಳುತ್ತೆ ಅಂದ್ರು. ಅಪ್ಪ ವೈರು ಬಿಚ್ಚಿ ಹಾಕಿದ್ರು, ಸ್ಪೀಕರ್ ಅತ್ತಿತ್ತ ತಿರುಗಿಸಿದ್ರು, ಬೆವರು ಒರೆಸ್ಕಂಡ್ರು. ಡಾಕ್ಟ್ರು ಇನ್ನೊಂದೇ ಸಲ ನೋಡೋಣ ಅಂತ ಕಣ್ಣು ಮುಚ್ಕಂಡ್ರು.

ಬಾಗಿಲ ಹಿಂದೆ ನನಗೆ ತಟ್ಟನೆ ಹೊಳೀತು. ಬರೀ ಗೋಡೆ ಶಬ್ದಾನ ಚೆಂಡಿನ ಥರ ವಾಪಸ್ ಎಸೀತದೆ ಅಂತ ನಾನೇ ಓದಿ ಅಪ್ಪಂಗೆ ಹೇಳಿದ್ದೆ. ಇಷ್ಟು ದಿನ ಆ ಶಬ್ದಾನ ಒಡೆದು ಚದುರಿಸ್ತಾ ಇದ್ದಿದ್ದು ಚಂದ್ರಿಕೆಯ ಸುತ್ತುಗಳು. ಆದ್ರೆ ಹೊಸಬರ ಮುಂದೆ ಹೋಗಿ ಇದನ್ನ ಹೇಳೋದು ಹೆಂಗೆ? ಹಿಂದಿನ ಬಾಗಿಲಿಂದ ಅಂಗಳಕ್ಕೆ ಓಡಿದೆ. ಚಂದ್ರಿಕೆ ನನಗಿಂತ ಎತ್ತರ. ಅದನ್ನ ಎತ್ತಿ ಮುಂದೆ ಹಿಡ್ಕಂಡ್ರೆ ನಾನು ಯಾರಿಗೂ ಕಾಣಲ್ಲ ಅಂತ ಗೊತ್ತಾದ್ಮೇಲೆ ಧೈರ್ಯ ಬಂತು. ಹಂಗೇ ನಡ್ಕಂಡು ಹೋಗಿ ಎಡಗಡೆ ಗೋಡೆಗೆ ನಿಂತೆ.

"ಎಡಗಡೆ ಸರಿಹೋಯ್ತು," ಅಂದ್ರು ಡಾಕ್ಟ್ರು, ಕಣ್ಣು ಮುಚ್ಕಂಡೇ.

ಅಪ್ಪಂಗೆ ಅರ್ಥ ಆಯ್ತು. ಅಜ್ಜಿಗೆ ಸನ್ನೆ ಮಾಡಿದ್ರು. ಅಜ್ಜಿ ಒಂದು ಹೊತ್ಕಂಡು ಬಂದು ಬಲಗಡೆ ನಿಂತ್ಳು. ಮೋಟ್ರು ನೋಡಕ್ಕೆ ಬಂದಿದ್ದ ದೊಡ್ಡಪ್ಪ, ಏನು ಎತ್ತ ಅಂತ ಕೇಳ್ದೆ ಇನ್ನೊಂದು ತಕಂಡು ಹಿಂದೆ ನಿಂತ್ರು. ಡಾಕ್ಟ್ರ ಮುಖ ಹೂವಾಯ್ತು. ಹಾಡು ಮುಗಿದು ಕಣ್ಣು ಬಿಟ್ರೆ, ಸುತ್ತಲೂ ಮೂರು ದೊಡ್ಡ ತಟ್ಟಿ, ಕೆಳಗೆ ಮೂರು ಜೊತೆ ಕಾಲು.

ಮೊದಲಿಂದ ಕಣ್ಣು ಬಿಟ್ಕಂಡೇ ಎಲ್ಲಾ ನೋಡ್ತಿದ್ದ ಅವರ ಹೆಂಡತಿ ಅಪ್ಪನ್ನ ಕೇಳಿದ್ರು: "ಇವರೂ ನಮ್ಮನೆಗೆ ಬರ್ತಾರಾ, ಇಲ್ಲ ಬರೀ ತಟ್ಟಿ ಕಳಿಸ್ತೀರಾ?"

ಸ್ಪೀಕರ್ ಕಾರು ಹತ್ತಿದ್ವು. ಚಂದ್ರಿಕೆಗಳನ್ನ ಕಾರಿನ ಮೇಲೆ ಕಟ್ಟಿಸಿದ್ದು ಸ್ವತಃ ಅವ್ವ. ಅಪ್ಪ ಮೆಲ್ಲಗೆ, ಇವನ್ನೂ ಕೊಟ್ಬುಟ್ರೆ ಇನ್ನು ಹುಳ ಎಲ್ಲಿ ಗೂಡು ಕಟ್ತವೆ ಅಂತ ಕೇಳಿದ್ರು.

"ನಿಮ್ಮ ತಲೆ ಮೇಲೆ ಕಟ್ತವೆ," ಅಂದ್ಲು ಅವ್ವ. "ಅವರು ಮನಸ್ಸು ಬದಲಾಯಿಸೋದ್ರೊಳಗೆ ಆ ಹಗ್ಗ ಬಿಗೀರಿ."

ಯಳಂದೂರಲ್ಲಿ

ಮಾತಿಗೆ ತಪ್ಪದೋಳು ಅವ್ವ. ರೂಮು ನಮಗೇ ಉಳೀತು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ, ಸ್ಪೀಕರ್ ಹೆಂಗೈತೆ ನೋಡ್ಕಂಡು ಬರೋಣ ಅಂತ ನಾನೂ ಅಪ್ಪನೂ ಯಳಂದೂರಿಗೆ ಹೋದ್ವಿ. ಡಾಕ್ಟ್ರ ಕ್ಲಿನಿಕ್ಕು ಮನೆ ಮುಂದಿನ ರೂಮಲ್ಲೇ. ಹಲ್ಲು ನೋವಿನೋರು ಕಾಯೋದು ಹಾಲಲ್ಲಿ. ಅದೇ ಹಾಲಲ್ಲಿ ಸ್ಪೀಕರು, ಗೋಡೆಗೆ ನಮ್ಮ ಚಂದ್ರಿಕೆ. ಸಂಗೀತ ಸಣ್ಣಗೆ ನಡೀತಿತ್ತು, ದನಿ ಬಲು ಚೆನ್ನಾಗಿತ್ತು. ಆದ್ರೆ ಡಾಕ್ಟ್ರ ಮುಖ ಸಪ್ಪಗಿತ್ತು. ಸ್ಪೀಕರ್ ಬಗ್ಗೆ ಒಬ್ರೂ ಕೇಳಲ್ಲ ಕಣ್ರಿ, ಬಂದೋರೆಲ್ಲ ಬಾಯಿ ತೆಗೆಯೋ ಮೊದಲು ಗೂಡಿನ ರೇಟು ಕೇಳ್ತಾರೆ ಅಂದ್ರು.

ಅಷ್ಟರಲ್ಲಿ ಹುಳುಕು ಹಲ್ಲು ಕೀಳಿಸ್ಕಂಡ ಒಬ್ಬಜ್ಜಿ ಹತ್ತಿ ಕಚ್ಕಂಡು ಹೊರಗೆ ಬಂದ್ಳು. ಕೆನ್ನೆ ಮೇಲೆ ಕೈ ಇಟ್ಕಂಡು ಚಂದ್ರಿಕೆ ಮುಂದೆ ನಿಂತು, ಸುತ್ತು ಸುತ್ತೂ ಬಗ್ಗಿ ನೋಡಿದ್ಳು. ಆಮೇಲೆ ಹತ್ತಿ ತೆಗೆದು ಡಾಕ್ಟ್ರ ಕಡೆ ತಿರುಗಿದ್ಳು.

"ನಮ್ಮ ಹಲ್ಲಿಂದ ತೆಗೆದಿದ್ ಹುಳಾನೆಲ್ಲಾ ಇಲ್ಲೇ ಸಾಕ್ತಿದ್ದೀರಾ ಸಾ? ನಂದೂ ಒಂದು ಬಿಟ್ಟೋಗ್ತಾ ಇವ್ನಿ. ಸೀರೆ ಆದಾಗ ಮರೀಬ್ಯಾಡಿ."