ಗೇರ್ ಗಾಡಿ ಮೇಡಂ

ಹೊಸ ಬೈಕ್ ತಗೊಂಡವರ ಹತ್ತಿರ ಜನ ಸ್ವೀಟ್ ಕೇಳುತ್ತಾರೆ. ಹಳೇ ಬೈಕ್ ತಗೊಂಡವರಿಗೆ ಬುದ್ಧಿ ಹೇಳುತ್ತಾರೆ. ಅದರಲ್ಲೂ ತಗೊಂಡವಳು ನಲವತ್ತೊಂದು ವರ್ಷದ ಹೆಂಗಸಾಗಿ, ಗಾಡಿಗೆ ಗೇರೂ ಇದ್ದರೆ, ರಸ್ತೆಯಲ್ಲಿ ಹೋಗುವವರೆಲ್ಲ ಅವಳ ಪಾಲಿಗೆ ಅಣ್ಣಂದಿರೇ.

ನಾನು ಗುಬ್ಬಿಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮನೆ ತುಮಕೂರಿನ ಮರಳೂರಿನಲ್ಲಿ. ಹದಿನಾಲ್ಕು ವರ್ಷ ಬಸ್ಸಿನಲ್ಲಿ ನಿಂತು ಓಡಾಡಿದವಳು, ಹೋದ ವರ್ಷ ತಮ್ಮನ ಬೈಕಿನಲ್ಲಿ ಓಡಿಸುವುದು ಕಲಿತು, ಲೈಸೆನ್ಸನ್ನೂ ಮಾಡಿಸಿದೆ. ಆಮೇಲಿನದು ಇದು.

ಸಿಂಗಲ್ ಓನರ್

ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವವನೊಬ್ಬ ಬೈಕ್ ಮಾರುತ್ತಾನೆ ಎಂದು ಗೊತ್ತಾಗಿ ನೋಡಲು ಹೋದೆ. ಕಪ್ಪು ಬಣ್ಣದ ಗಾಡಿ, ನೋಡಲು ಚೆನ್ನಾಗಿಯೇ ಇತ್ತು.

"ಸಿಂಗಲ್ ಓನರ್ ಮೇಡಂ. ಮಗು ನೋಡ್ಕೊಂಡಂಗೆ ನೋಡ್ಕೊಂಡಿದೀನಿ" ಅಂದ.

ನಾನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಟ್ಯಾಂಕಿನ ಮೇಲೆ 'ಅಮ್ಮನ ಆಶೀರ್ವಾದ' ಅಂತ ಸ್ಟಿಕ್ಕರ್ ಇತ್ತು. ಮುಂದಿನ ಮಡ್‌ಗಾರ್ಡ್ ಮೇಲೆ 'ಅಪ್ಪಾಜಿ ಗಿಫ್ಟ್'. ಹಿಂದೆ ನಂಬರ್ ಪ್ಲೇಟಿನ ಮೇಲೆ 'ಮಾವ ಕೊಟ್ಟಿದ್ದು'.

"ಆರ್‌ಸಿ ಕೊಡಪ್ಪ" ಅಂದೆ. ನೋಡಿದರೆ ಇವನು ಮೂರನೆಯವನು.

"ಏನಪ್ಪಾ, ಸಿಂಗಲ್ ಓನರ್ ಅಂದೆ?"

ಅವನು ಒಂಚೂರೂ ತಬ್ಬಿಬ್ಬಾಗಲಿಲ್ಲ. "ಹೂಂ ಮೇಡಂ. ಒಂದ್ ಸಲಕ್ಕೆ ಒಬ್ರೇ. ಯಾವತ್ತೂ ಇಬ್ರು ಒಟ್ಟಿಗೆ ಓನರ್ ಆಗಿಲ್ಲ."

ಸಾರ್, ಕ್ಲಚ್ ಹೆಂಗೈತೆ?

ತಗೊಂಡ ಮೇಲೆ ಮರಳೂರಿನಲ್ಲೇ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಜೊತೆಗೆ ನನ್ನ ಗಂಡ. ಅವರು ಹೈಸ್ಕೂಲ್ ಮೇಷ್ಟ್ರು. ಸೈಕಲ್ಲು ಕೂಡ ಬರುವುದಿಲ್ಲ. ನಾನು ಓಡಿಸಿದೆ, ಅವರು ಹಿಂದೆ ನನ್ನ ಹೆಗಲು ಹಿಡಿದು ಕಣ್ಣು ಮುಚ್ಚಿ ಕೂತು ಬಂದರು. ಇದನ್ನೆಲ್ಲ ಮೆಕ್ಯಾನಿಕ್ ತನ್ನ ಕಣ್ಣಾರೆ ನೋಡಿದ.

ಇಳಿದ ತಕ್ಷಣ ಅವರನ್ನೇ ಕೇಳಿದ: "ಸಾರ್, ಕ್ಲಚ್ ಹೆಂಗೈತೆ?"

ನಾನು ಹೇಳಿದೆ: "ಸ್ವಲ್ಪ ಟೈಟಿದೆ. ಎರಡನೇ ಗೇರಿಂದ ನ್ಯೂಟ್ರಲ್ ಸಿಗಲ್ಲ."

"ಹೌದಾ ಸಾರ್?" ಅಂದ ಅವರಿಗೆ.

"ನಂಗೊತ್ತಿಲ್ಲಪ್ಪಾ. ನಂಗೆ ಗಾಡಿ ಬರಲ್ಲ. ಇದು ಅವರದ್ದು, ಓಡ್ಸೋದೂ ಅವರೇ."

ಮೆಕ್ಯಾನಿಕ್ ಇಬ್ಬರನ್ನೂ ನೋಡಿದ. ಬಹಳ ಯೋಚನೆ ಮಾಡಿದ. ಆಮೇಲೆ ನನ್ನ ಗಂಡನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ ಅಂದ: "ಪರವಾಗಿಲ್ಲ ಬಿಡಿ ಸಾರ್. ಕ್ಲಚ್ ಅರ್ಧ ಹಿಡಿದು ಓಡಿಸ್ಬಾರ್ದು ಅಂತ ಮೇಡಂಗೆ ನೀವೇ ಒಂಚೂರು ಹೇಳ್ಕೊಡಿ."

ಸ್ಟ್ಯಾಂಡ್! ಸ್ಟ್ಯಾಂಡ್!

ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಸಡಿಲವಾಗಿ, ಹಳ್ಳ ಬಿದ್ದಲ್ಲೆಲ್ಲ ಅದು ತಾನಾಗಿ ಕೆಳಗಿಳಿಯುತ್ತಿತ್ತು. ನಮ್ಮ ಕಡೆ ಯಾರ ಮನೆ ಮುಳುಗಿದರೂ ನೋಡಿಕೊಂಡು ಹೋಗುವವರು ಸಿಗಬಹುದು, ಆದರೆ ಇಳಿದಿರುವ ಸ್ಟ್ಯಾಂಡ್ ನೋಡಿ ಸುಮ್ಮನೆ ಹೋಗುವವರು ಸಿಗುವುದಿಲ್ಲ.

ಒಂದು ಬೆಳಿಗ್ಗೆ ಗುಬ್ಬಿ ರಸ್ತೆಯಲ್ಲಿ ಒಬ್ಬ ಯಜಮಾನರು ಸ್ಕೂಟರಿನಲ್ಲಿ ನನ್ನ ಹಿಂದೆ ಬಿದ್ದರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ, ತೊಡೆಯ ಮೇಲೆ ಚೀಲ. ಹಾರ್ನ್ ಹೊಡೆದು, ಕೈ ಬೀಸಿ, ಕೊನೆಗೆ ಅಡ್ಡ ಹಾಕಿಯೇ ನಿಲ್ಲಿಸಿದರು.

"ಏನಮ್ಮಾ, ಸ್ಟ್ಯಾಂಡ್ ನೋಡ್ಕೊಳ್ಳೋದ್ ಬ್ಯಾಡ್ವಾ? ಗಾಡಿ ಓಡ್ಸೋರ್ಗೆ ಮೈಯೆಲ್ಲಾ ಕಣ್ಣಿರ್ಬೇಕು. ಹಿಂದೆ ಏನಾಯ್ತದೆ, ಮುಂದೆ ಏನಾಯ್ತದೆ, ಎಲ್ಲಾ ಗ್ಯಾನ ಇರ್ಬೇಕು" ಎಂದು ಐದು ನಿಮಿಷ ಪಾಠ ಮಾಡಿದರು. ಹೂಂಗುಟ್ಟಿದೆ. ಸಮಾಧಾನವಾಗಿ, ಗಾಡಿ ಸ್ಟಾರ್ಟ್ ಮಾಡಿಕೊಂಡು ಹೊರಟೇ ಹೋದರು.

ತಿರುಗಿ ನೋಡುತ್ತೇನೆ, ಅವರ ಹೆಂಡತಿ ರಸ್ತೆ ಪಕ್ಕದಲ್ಲಿ ಎಳನೀರು ಕುಡಿಯುತ್ತಾ ನಿಂತಿದ್ದಾರೆ!

"ಅಯ್ಯೋ ಅಮ್ಮಾ, ನಿಮ್ಮೆಜಮಾನ್ರು ಹೊರಟ್ಹೋದ್ರು!"

ಆಕೆ ಗಾಬರಿಯಾಗದೆ ಎಳನೀರು ಪೂರ್ತಿ ಮುಗಿಸಿದರು. ಬಾಯೊರೆಸಿಕೊಂಡು ನನ್ನ ಬೈಕ್ ಹತ್ತಿ ಕೂತರು.

"ನಡಿಯವ್ವ, ಗುಬ್ಬಿ ಬಸ್ ಸ್ಟ್ಯಾಂಡ್‌ತಾವ ಬುಡು. ಇದು ಮೂರ್ನೇ ಸಲ. ಅಲ್ಲಿ ಇನ್ಯಾರ್ದೋ ಸ್ಟ್ಯಾಂಡ್ ಎತ್ತಿಸ್ತಾ ನಿಂತಿರ್ತಾರೆ."

ಹಳೇ ಗಾಡಿ ಅಲ್ವಾ

ಕುಣಿಗಲ್‌ನಲ್ಲಿ ನಾದಿನಿಯ ಮಗುವಿನ ನಾಮಕರಣ. "ನಾನು ಸೊಸೆ ಜೊತೆ ಬೈಕಲ್ಲೇ ಬರ್ತೀನಿ" ಅಂತ ಅತ್ತೆ ಹಟ ಹಿಡಿದರು. ಮಾವ ಸಿಟ್ಟಾದರು. "ಹೋಗ್ತಾ ಬೈಕು, ಬರ್ತಾ ನನ್ ಜೊತೆ ಬಸ್ಸು. ಬರೆದಿಟ್ಕೊ" ಅಂದು ತಾವು ಬಸ್ಸಿನಲ್ಲಿ ಬಂದರು. ನಾವು ಸುಖವಾಗಿಯೇ ತಲುಪಿದೆವು. ಆದರೆ ನಾದಿನಿಯ ಬೀದಿಯಲ್ಲಿ ಪೈಪ್ ಹಾಕಲು ರಸ್ತೆ ಅಗೆಯುತ್ತಿದ್ದರು. ನಾವು ಊಟ ಮುಗಿಸಿ ಬರುವಷ್ಟರಲ್ಲಿ ನಿಂತಿದ್ದ ಬೈಕುಗಳೆಲ್ಲ ಧೂಳು ಮೆತ್ತಿಕೊಂಡು ಒಂದೇ ಬಣ್ಣಕ್ಕೆ ಬಂದಿದ್ದವು.

ಕೀ ಹಾಕಿ ತಿರುಗಿಸಿದೆ. ಬಟನ್ ಒತ್ತಿದೆ. ಉಸಿರಿಲ್ಲ. ಕಿಕ್ ಹೊಡೆದೆ. ಇಲ್ಲ. ನೆಂಟರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಮಾವ ಕೈಕಟ್ಟಿಕೊಂಡು ನಗುತ್ತಿದ್ದಾರೆ. ನನಗೆ ಅಳುವೇ ಬಂತು.

"ಸರೀರಿ ಮೇಡಂ, ಇದು ಹೆಂಗಸ್ರ ಕೆಲ್ಸ ಅಲ್ಲ" ಎಂದು ಒಬ್ಬರು ಬಂದರು. ಅವರ ಹಿಂದೆ ಏಳು ಜನ.

ಒಬ್ಬರು ಟ್ಯಾಂಕ್ ಅಲ್ಲಾಡಿಸಿ, "ಪೆಟ್ರೋಲೇ ಇಲ್ಲ" ಅಂದರು.

"ಬೆಳಿಗ್ಗೆ ತಾನೇ ಹಾಕಿಸಿದೀನಿ!"

"ಹಳೇ ಗಾಡಿ ಅಲ್ವಾ, ಕುಡಿದ್ಬಿಡ್ತವೆ." ಬಾಟಲಿನಲ್ಲಿ ತಂದು ಸುರಿದರು.

ಇನ್ನೊಬ್ಬರು ಚಕ್ರ ಒತ್ತಿ, "ಗಾಳಿ ಇಲ್ಲ" ಅಂದರು. ಅದಕ್ಕೂ "ಹಳೇ ಗಾಡಿ ಅಲ್ವಾ." ಪಂಪ್ ಬಂತು. ಪ್ಲಗ್ ಬಿಚ್ಚಿ ಉಜ್ಜಿದರು. ಚೈನಿಗೆ ಎಣ್ಣೆ ಬಿಟ್ಟರು. ಮಾವನಿಗೂ ತಡೆಯಲಾಗಲಿಲ್ಲ, ಪಂಚೆ ಎತ್ತಿ ಕಟ್ಟಿ ಬಂದು, ಕಿಕ್ ಹೊಡೆಯುವವರಿಗೆ "ಒಂದು... ಎರಡು... ಹೂಂ, ಹೊಡಿ!" ಎಂದು ಎಣಿಸತೊಡಗಿದರು.

ಅತ್ತೆ ನನ್ನ ಸೆರಗು ಎಳೆದು, "ಏನೇ, ನಮ್ ಗಾಡಿಗೆ ಎರಡು ಕನ್ನಡಿ ಇರ್ಲಿಲ್ವಾ?" ಅಂದರು.

"ಅಜ್ಜಿ, ಸುಮ್ನಿರಿ. ಗಾಡಿ ಕನ್ನಡಿಯಿಂದ ಸ್ಟಾರ್ಟ್ ಆಗಲ್ಲ" ಅಂದರು ಪ್ಲಗ್ ಉಜ್ಜುತ್ತಿದ್ದವರು.

ಮುಕ್ಕಾಲು ಗಂಟೆ ಆದ ಮೇಲೆ ಗಾಡಿ ಒಂದು ಸಲ ಕೆಮ್ಮಿ, ಬೀದಿ ತುಂಬ ಹೊಗೆ ಬಿಟ್ಟು ಗುಡುಗತೊಡಗಿತು. ಎಲ್ಲರೂ ಚಪ್ಪಾಳೆ ಹೊಡೆದರು. ಆ ಸದ್ದಿಗೆ ಎದುರು ಮನೆಯಿಂದ ವಯಸ್ಸಾದವರೊಬ್ಬರು ಟವೆಲ್ ಕೊಡವುತ್ತಾ ಓಡಿ ಬಂದರು.

"ಯಾರವ್ವ ಇದ್ನ ಸ್ಟಾರ್ಟ್ ಮಾಡಿದ್ದು?"

"ನಾವೇ. ಯಾಕೆ?"

"ಇದು ನನ್ ಗಾಡಿ ಕಣವ್ವ!"

ನಾನು ಸೆರಗಿನಿಂದ ನಂಬರ್ ಪ್ಲೇಟ್ ಒರೆಸಿ ನೋಡಿದೆ. ನನ್ನದಲ್ಲ, ಅದೇ ಕಂಪನಿಯ ಇನ್ನೊಂದು. ಅತ್ತೆ ಆಗಲೇ ನಾಲ್ಕು ಗಾಡಿ ಆಚೆ ಹೋಗಿ, ಎರಡು ಕನ್ನಡಿಯ ಬೈಕೊಂದರ ಪಕ್ಕ ಕೈಕಟ್ಟಿ ನಿಂತಿದ್ದರು. ಸವೆದ ಕೀ, ಸವೆದ ಲಾಕು, ಯಾವುದಕ್ಕೆ ಯಾವುದು ಬೇಕಾದರೂ ಹಿಡಿಯುತ್ತಿತ್ತು. ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಗಿ ಆ ಹಿರಿಯರಿಗೆ ಕೈ ಮುಗಿದೆ.

"ತಪ್ಪಾಯ್ತು ಯಜಮಾನ್ರೇ, ಕ್ಷಮಿಸ್ಬೇಕು."

"ಕ್ಷಮಿಸೋದಾ? ಆರು ತಿಂಗ್ಳಿಂದ ಸತ್ತು ಬಿದ್ದಿತ್ತವ್ವ ಇದು! ಗುಜರಿಯವ್ನೂ ಬ್ಯಾಡ ಅಂದಿದ್ದ" ಎಂದು ಅವರು ಕಣ್ಣು ತುಂಬಿಕೊಂಡರು. ಆಮೇಲೆ ದನಿ ತಗ್ಗಿಸಿ, "ಹಿತ್ಲಲ್ಲಿ ಬೋರ್‌ವೆಲ್ ಮೋಟ್ರು ಒಂದು ಕೆಟ್ಟು ಕೂತೈತೆ. ನಿಮ್ಮೋರ್ನ ಒಂದ್ ಗಳಿಗೆ ಈ ಕಡೆ ಕಳಿಸ್ಕೊಡ್ತೀಯಾ?" ಅಂದರು.

ನಾನು ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಎಂಟೂ ಜನ ಆಗಲೇ ಹಿತ್ತಲ ಕಡೆ ಹೊರಟಿದ್ದರು. ಎಲ್ಲರಿಗಿಂತ ಮುಂದೆ ನಮ್ಮ ಮಾವ.