ನಾರಿಸ್ ಟಾಸ್ಕರ್‌ನ ಒಳ್ಳೆಯ ಗಳಿಗೆ

ಯಾರಾದರೂ "ಹೇಗಿದೀಯಾ?" ಅಂದರೆ ಸಾಕು, ನಾರಿಸ್ ಟಾಸ್ಕರ್‌ನ ಬಾಯಿಂದ "ಚೆನ್ನಾಗಿದೀನಿ" ಎಂಬ ಮಾತು ತಾನಾಗಿ ಉದುರುತ್ತಿತ್ತು. ಹೆಂಡತಿ ತೀರಿಕೊಂಡ ದಿನ ಶವಪೆಟ್ಟಿಗೆ ತಂದವನಿಗೂ ಹಾಗೇ ಅಂದಿದ್ದ. ಗ್ರಿಮ್ಸ್‌ಬಿಯ ಬಂದರಿನಲ್ಲಿ ಮೀನು ಕೆಡದಂತೆ ಹೊಗೆ ಕೊಡುವ ಕೆಲಸ ಅವನದು. ಪಾರ್ಕಿನ್ಸನ್ ರೋಗ ಬಂದು ಬಲಗೈ ನಡುಗತೊಡಗಿ ಕೆಲಸ ಬಿಟ್ಟಾಗ ಮೇಸ್ತ್ರಿಗೂ ಅದೇ ಉತ್ತರ. ಕೊನೆಗೆ ಅಂಗವಿಕಲರ ಭತ್ಯೆಗೆ ಅರ್ಜಿ ಹಾಕಿ, ಆ ಕಚೇರಿಯವರು ಫೋನು ಮಾಡಿ ಆರೋಗ್ಯ ವಿಚಾರಿಸಿದಾಗಲೂ ಅದೇ ಅಂದ. ಅರ್ಜಿ ತಿರಸ್ಕೃತವಾಯಿತು.

ಮೇಲ್ಮನವಿ ಹಾಕಿಸಿದವಳು ಪಕ್ಕದ ಮನೆಯ ಐವಿ ಪಿಕರಿಂಗ್. ಈ ಸಲ ಅಧಿಕಾರಿಯೇ ಮನೆಗೆ ಬಂದು ನೋಡುತ್ತಾರೆ ಎಂದಾಗ ಎದುರು ಮನೆಯ ಡೆನ್ಜಿಲ್ ಕೂಡ ಸೇರಿಕೊಂಡ. ಬಂದರಿನ ಕಾರ್ಮಿಕ ಸಂಘದಲ್ಲಿ ವರ್ಷಗಟ್ಟಲೆ ಕೂಗಾಡಿದ ಮುದುಕ. ನಿವೃತ್ತಿಯಾದ ಮೇಲೆ ಗಂಟಲಿಗೆ ಕೆಲಸವಿರಲಿಲ್ಲ. ವಾರವಿಡೀ ಅವನೇ ಅಧಿಕಾರಿಯ ಹಾಗೆ ಕೂತು ಪ್ರಶ್ನೆ ಕೇಳಿ ನಾರಿಸ್‌ಗೆ ಪಾಠ ಹೇಳಿದ. ಎಲ್ಲ ಆದ ಮೇಲೆ ಹೇಗಿದೀಯಾ ಅಂತ ಕೇಳಿದರೆ ಮತ್ತೆ ಅದೇ "ಚೆನ್ನಾಗಿದೀನಿ".

ಅಧಿಕಾರಿ ಬರುವ ದಿನ ಬೆಳಿಗ್ಗೆ ಡೆನ್ಜಿಲ್ ಇನ್ನೊಂದು ಉಪಾಯ ತಂದ. ಇವತ್ತು ಮಾತ್ರೆ ನುಂಗಬೇಡ, ಮೈ ಚೆನ್ನಾಗಿ ನಡುಗಲಿ ಅಂದ.

ಐವಿ ಅವನ ಮೇಲೆ ಹರಿಹಾಯ್ದಳು. "ಮೋಸ ಗೀಸ ಏನೂ ಬೇಡ. ಇರೋದನ್ನ ಇದ್ದ ಹಾಗೆ ಹೇಳಲಿ, ಅಷ್ಟೇ ಸಾಕು. ಇವನಿಗೆ ಅದೇ ಬರಲ್ಲವಲ್ಲ."

ಹನ್ನೊಂದರ ಸುಮಾರಿಗೆ ಬಾಗಿಲಿನ ಗಂಟೆ ಸದ್ದಾಯಿತು. ಬೆಳಗಿನ ಮಾತ್ರೆಯ ಬಲ ಆಗಲೇ ಇಳಿದು ನಾರಿಸ್‌ನ ಕೈ ಎಲೆಯಂತೆ ಅಲುಗುತ್ತಿತ್ತು. ಬಾಗಿಲಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಕಂಕುಳಲ್ಲಿ ಫೈಲು ಹಿಡಿದ ತರುಣ. ಅವನು ಬಾಯಿ ತೆರೆಯುವ ಮೊದಲೇ ಡೆನ್ಜಿಲ್ ತೋಳು ಹಿಡಿದು ಒಳಗೆ ತಂದು ಕೂರಿಸಿದ.

ತರುಣ ಗಂಟಲು ಸರಿಮಾಡಿಕೊಂಡು ವಿನಯದಿಂದ ಕೇಳಿದ: "ಈ ಮನೇಲಿ ನಿಮಗೆ ಏನೇನು ತೊಂದರೆ ಆಗ್ತಿದೆ ಸರ್?"

ಹೀಗೆ ಯಾರೂ ಕೇಳಿರಲಿಲ್ಲ. 'ಹೇಗಿದೀಯಾ' ಎನ್ನುವುದಕ್ಕೆ ನಾರಿಸ್‌ನ ಹತ್ತಿರ ಸಿದ್ಧ ಉತ್ತರವಿತ್ತು, ಇದಕ್ಕೆ ಇರಲಿಲ್ಲ. ಇದ್ದದ್ದನ್ನೇ ಹೇಳತೊಡಗಿದ.

ಅಂಗಿಯ ಗುಂಡಿಗಳು ಜೀವಂತ ಸೀಗಡಿಯ ಹಾಗೆ ಬೆರಳಿಂದ ಜಾರುತ್ತವೆ ಅಂದ. ಮೆಟ್ಟಿಲನ್ನು ಮಗುವಿನ ಹಾಗೆ ಕೂತುಕೂತೇ ಇಳಿಯುತ್ತೇನೆ ಅಂದ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾಗದೆ, ಅಂಗಾತ ಬಿದ್ದ ಏಡಿಯಂತೆ ಬೆಳಕು ಹರಿಯುವುದನ್ನು ಕಾಯುತ್ತೇನೆ ಅಂದ. ಡೆನ್ಜಿಲ್ ಮೊದಮೊದಲು ತಲೆದೂಗುತ್ತಿದ್ದವನು ಬರಬರುತ್ತ ತನ್ನ ಟೋಪಿಯನ್ನೇ ತಿರುಗಿಸುತ್ತ ಕೂತ.

"ಐವಿ ಪ್ರತಿ ಭಾನುವಾರ ಸೂಪು ಮಾಡಿ ತರ್ತಾಳೆ," ಅಂದ ನಾರಿಸ್, ಅವಳು ಅಲ್ಲೇ ಇರುವುದನ್ನು ಮರೆತವನಂತೆ. "ಚಮಚ ಬಾಯಿಗೆ ಬರೋಷ್ಟರಲ್ಲಿ ಖಾಲಿಯಾಗಿರುತ್ತೆ. ಅವಳಿಗೆ ಹೇಳಿಲ್ಲ. ತುಂಬಾ ರುಚಿಯಾಗಿತ್ತು ಅಂತ ಪಾತ್ರೆ ತೊಳೆದು ಕೊಡ್ತೀನಿ."

ಐವಿ ಕಿಟಕಿಯ ಕಡೆ ತಿರುಗಿ ನಿಂತಳು. ತರುಣ ಫೈಲು ಮುಚ್ಚಿದ. ಅವನ ಕಣ್ಣೂ ಒದ್ದೆಯಾಗಿತ್ತು. ತನ್ನ ಅಜ್ಜನಿಗೂ ಹೀಗೇ ಆಗಿತ್ತು, ತಾನು ಒಂದು ದಿನವೂ ಕೂತು ಕೇಳಲಿಲ್ಲ ಎಂದು ಹೇಳಿ ಎದ್ದ.

ಭತ್ಯೆ ಯಾವಾಗಿಂದ ಬರುತ್ತದೆ ಎಂದು ಡೆನ್ಜಿಲ್ ಕೇಳಿದ.

"ಯಾವ ಭತ್ಯೆ?" ತರುಣ ತಬ್ಬಿಬ್ಬಾದ. "ನಾನು ಕಿಟಕಿ ಮಾರೋನು ಸರ್. ಜೋಡಿ ಗಾಜಿಂದು. ಚಳಿ ಗಾಳಿ ಒಳಗೆ ಬರಲ್ಲ."

ಮೊದಲು ನಕ್ಕವನು ನಾರಿಸ್. ಆಮೇಲೆ ನಾಲ್ವರೂ ನಕ್ಕರು. ಐವಿ ಪಕ್ಕೆ ಹಿಡಿದುಕೊಂಡು ಅಳುತ್ತಲೇ ನಕ್ಕಳು. ಸರಕು ಇಳಿಸಿದ ದೋಣಿಯಂತೆ ನಾರಿಸ್ ಹಗುರವಾದ. ಕಿಟಕಿ ಹುಡುಗ ಹೋದ ಮೇಲೆ ಮಧ್ಯಾಹ್ನದ ಮಾತ್ರೆ ನುಂಗಿದ. ಆ ಮಾತ್ರೆಯ ಬಲ ಏರಿತೆಂದರೆ ಸ್ವಲ್ಪ ಹೊತ್ತು ಅವನು ಹಳೆಯ ನಾರಿಸ್ ಆಗಿಬಿಡುತ್ತಿದ್ದ.

ಸರಿಯಾಗಿ ಆ ಹೊತ್ತಿಗೇ ನಿಜವಾದ ಅಧಿಕಾರಿ ಮಿಸ್ ಫಾರೋ ಬಂದಳು. ದಾರಿ ತಪ್ಪಿ ತಡವಾಗಿತ್ತು. ಸಮುದ್ರದ ಗಾಳಿಗೆ ಛತ್ರಿ ತಿರುಗುಮುರುಗಾಗಿ, ಮಳೆಗೆ ಮೈಯೆಲ್ಲ ತೊಯ್ದು, ಸೀನುತ್ತಿದ್ದಳು. ಐವಿ ತಡೆಯುವಷ್ಟರಲ್ಲಿ ನಾರಿಸ್ ಅಡುಗೆಮನೆಗೆ ಹೋದ. ಬಂದಾಗ ಕೈಯಲ್ಲಿ ಬಸಿಯ ಮೇಲೆ ತುಂಬಿದ ಚಹಾ ಕಪ್ಪು. ಒಂದು ಹನಿ ಚೆಲ್ಲಲಿಲ್ಲ. ಅವನು ಹಾಗೆ ಕಪ್ಪು ಹಿಡಿದು ನಡೆದದ್ದನ್ನು ನೋಡಿ ಎಷ್ಟು ತಿಂಗಳಾಗಿತ್ತೋ. ಐವಿ ಮತ್ತು ಡೆನ್ಜಿಲ್ ಸಂತೋಷಪಡಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಉಸಿರು ಬಿಗಿಹಿಡಿದು ನೋಡಿದರು.

ಮಿಸ್ ಫಾರೋ ಚಹಾ ಗುಟುಕರಿಸಿ ಕೇಳಿದಳು: "ಹೇಗಿದೀರಾ, ಮಿಸ್ಟರ್ ಟಾಸ್ಕರ್?"

"ಚೆನ್ನಾಗಿದೀನಿ ತಾಯಿ," ಅಂದ ನಾರಿಸ್. ಬಹಳ ವರ್ಷಗಳ ಮೇಲೆ ಆ ಮಾತು ನಿಜವಾಗಿತ್ತು.

ಐವಿ ಮೊಣಕೈಯಿಂದ ತಿವಿದು, ಮೆಟ್ಟಿಲಿನದು ಹೇಳು ಅಂದಳು. ಅದನ್ನೆಲ್ಲ ಆಗಲೇ ಒಬ್ಬರ ಹತ್ತಿರ ಹೇಳಿ ಆಯಿತು, ಪಾಪ, ಈ ಹುಡುಗಿಗೆ ನೆಗಡಿ ಬೇರೆ ಅಂದ. ಕೊನೆಗೆ ಐವಿಯೇ ಎಲ್ಲ ಹೇಳಿದಳು. ಮಿಸ್ ಫಾರೋ ಬರೆದುಕೊಂಡಳೇನೋ ಸರಿ, ಆದರೆ ಅವಳ ಕಣ್ಣು ಮತ್ತೆ ಮತ್ತೆ ಆ ಕಪ್ಪಿನ ಕಡೆಗೇ ಹೋಗುತ್ತಿತ್ತು.

ಅವಳನ್ನು ಕಳುಹಿಸಲು ನಾರಿಸ್ ತಾನೇ ಬಾಗಿಲಿನವರೆಗೆ ಬಂದ. ಅವಳು ಕಾರು ಹತ್ತಿದಳು. ಅಷ್ಟರಲ್ಲಿ ಮಾತ್ರೆಯ ಬಲ ಇಳಿದು, ನಾರಿಸ್ ಒಳಗೆ ತಿರುಗಬೇಕೆಂದರೆ ಪಾದ ಹೊಸ್ತಿಲಿಗೆ ಅಂಟಿಕೊಂಡಿತ್ತು. ಬಾಗಿಲ ಚೌಕಟ್ಟು ಹಿಡಿಯಲು ಎತ್ತಿದ ಬಲಗೈ ಗಾಳಿಯಲ್ಲೇ ನಿಂತು ಗಡಗಡ ನಡುಗತೊಡಗಿತು.

"ಈಗ ನೋಡಲಿ, ಈಗ ನೋಡಲಿ!" ಎನ್ನುತ್ತ ಡೆನ್ಜಿಲ್ ಬೀದಿಗೆ ಓಡಿದ.

ಮಿಸ್ ಫಾರೋ ನೋಡಿದಳು. ಕಾರಿನ ಗಾಜು ಇಳಿಸಿ, ಮುಖವರಳಿಸಿ, ತಾನೂ ಅಷ್ಟೇ ಜೋರಾಗಿ ಕೈ ಬೀಸುತ್ತ ಹೊರಟುಹೋದಳು.